ಬೀಗರೂಟಕ್ಕೆ ಮುಂಚೆ ಮಾಡದ ಫೋನು

ಅನ್ವರ್, ಸೌಮ್ಯಳ ಮದುವೆಯ ವಿಡಿಯೊ ಹಾಳು ಮಾಡಿದವನು ನೀನಲ್ಲ, ನಾನು. ಗೊತ್ತಿದ್ದೂ ಇಷ್ಟು ವರ್ಷ ಬಾಯಿ ಬಿಡಲಿಲ್ಲ. ಗಂಜಾಂನ ಒಂದೇ ಬೀದಿಯಲ್ಲಿ ಬೆಳೆದವರು ನಾವು. ನಿನ್ನ ಫೋಟೊ ಸ್ಟುಡಿಯೊದಲ್ಲಿ ಕೂತು ದಿನಾ ನಿನ್ನದೇ ಟೀ ಕುಡಿದೆ, ಅದು ಗಂಟಲಲ್ಲಿ ಹೇಗೆ ಇಳಿಯಿತೋ — ಥೂ, ನನ್ನ ಜನ್ಮಕ್ಕೆ ಬೆಂಕಿ ಹಾಕ.

ನನ್ನ ಹುಚ್ಚು ನಿನಗೆ ಗೊತ್ತು. ಕೆ.ಆರ್. ಪೇಟೆಯ ಕಾಲೇಜಿನಲ್ಲಿ ಪಾಠ ಹೇಳಿ ಬಂದರೆ ಕರ್ನಲ್ ಮುಂದೆ ಕೂರುತ್ತಿದ್ದೆ — ಕಂಪ್ಯೂಟರಿನ ಒಳಗಿದ್ದು ಎಲ್ಲವನ್ನೂ ನಡೆಸುವ ಮೂಲ ತಂತ್ರಾಂಶ ಅದು. ಅದರಲ್ಲಿ ಡಿಸ್ಕಿನ ಜೊತೆ ವ್ಯವಹರಿಸುವ ತುಂಡಿಗೆ ಡ್ರೈವರ್ ಅನ್ನುತ್ತಾರೆ. ಅಂಥದ್ದೊಂದನ್ನು ನಾನೇ ಬರೆದಿದ್ದೆ. ಬಂದದ್ದನ್ನೆಲ್ಲ ಅದು ಮೊದಲು ಮೆಮೊರಿಯಲ್ಲಿ ಇಟ್ಟುಕೊಂಡು, ಆಮೇಲೆ ನಿಧಾನಕ್ಕೆ ಡಿಸ್ಕಿಗೆ ಇಳಿಸುತ್ತಿತ್ತು. ಮೆಮೊರಿಯಲ್ಲಿರುವುದು ಕರೆಂಟು ಹೋದರೆ ಹೋಯಿತು. ಅದಕ್ಕೇ ಕರ್ನಲ್ ಆಗಾಗ ‘ಇರುವುದನ್ನೆಲ್ಲ ಈಗಲೇ ಇಳಿಸು’ ಎಂದು ಆಜ್ಞೆ ಕೊಡುತ್ತದೆ. ಇಳಿಸಿದ ಮೇಲೆ ಮಾತ್ರ ಡ್ರೈವರ್ ‘ಆಯಿತು’ ಅನ್ನಬೇಕು. ನನ್ನದು ಇಳಿಸದೆಯೇ ‘ಆಯಿತು’ ಅನ್ನುತ್ತಿತ್ತು. ಹಾಗೆ ಬರೆದವನು ನಾನೇ, ಬೇಕೆಂದೇ — ಕಾಯುವುದು ತಪ್ಪಿದರೆ ವೇಗ, ವೇಗವಿದ್ದರೆ ನಾಲ್ಕು ಜನರ ಮುಂದೆ ಮೆರೆಯಬಹುದಲ್ಲ.

“ಕಾಪಿ ಆಗಾದು ಸಾನೆ ಲೇಟಾಯ್ತದೆ ಕಣ್ಲಾ ಮಂಜ” ಎಂದು ನೀನು ಗೊಣಗಿದ್ದೇ ಸಾಕಾಯಿತು. ನಿನ್ನ ಕಂಪ್ಯೂಟರಿಗೆ ಅದನ್ನು ಹಾಕಿಬಿಟ್ಟೆ. ಇನ್ನೂ ಪರೀಕ್ಷೆ ಮಾಡುತ್ತಿರುವ ಮಾಲು ಎಂದು ಹೇಳಲಿಲ್ಲ. ಕರೆಂಟು ಹೋದಾಗ ಕಂಪ್ಯೂಟರನ್ನು ಉಳಿಸಬೇಕಾದ ನಿನ್ನ ಯುಪಿಎಸ್ ಬ್ಯಾಟರಿ ಸತ್ತಿದೆ ಎಂಬುದೂ ನನಗೆ ಗೊತ್ತಿತ್ತು.

ಪಾಂಡವಪುರದಲ್ಲಿ ಸೌಮ್ಯಳ ಧಾರೆ ಮುಗಿದ ಮಾರನೆಯ ದಿನ, ನಾಗಮಂಗಲದಲ್ಲಿ ಗಂಡಿನ ಮನೆಯವರ ಬೀಗರೂಟ. ನೀನು ತೆಗೆದ ಫೋಟೊ, ವಿಡಿಯೊ ಎರಡೂ ಕ್ಯಾಮೆರಾದ ಒಂದೇ ಕಾರ್ಡಿನಲ್ಲಿ. ಬೀಗರೂಟಕ್ಕೂ ಅದೇ ಕಾರ್ಡು ಬೇಕು. ಹೊರಡುವ ಬೆಳಿಗ್ಗೆ ನೀನು ಕಾಪಿಗೆ ಹಾಕಿದೆ, ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು. ಪಕ್ಕದಲ್ಲೇ ಇದ್ದ ನಾನು ಒಂದೆರಡು ತೆರೆದೂ ನೋಡಿದೆ. ಮೆಮೊರಿಯಲ್ಲಿದ್ದದ್ದು ಚೆನ್ನಾಗಿಯೇ ಕಂಡಿತು.

“ಎಲ್ಲಾ ಬಂತೇನ್ಲಾ? ಅಳಿಸ್ಬುಡ್ಲಾ?”

“ಬಂತು ಕಣ್ಲಾ, ಅಳಿಸು.”

ನೀನು ಬಸ್ಸಿನ ಆತುರದಲ್ಲಿ ಕಾರ್ಡು ಕಿತ್ತುಕೊಂಡು, ಕ್ಯಾಮೆರಾಕ್ಕೆ ಹಾಕಿ ಅಳಿಸಿ ಓಡಿದೆ. ನೀನು ಬಸ್ಸು ಹತ್ತಿದೆಯೋ ಇಲ್ಲವೋ, ಕರೆಂಟು ಹೋಯಿತು, ಕಂಪ್ಯೂಟರೂ ಆರಿತು. ಕರೆಂಟು ಬಂದ ಮೇಲೆ ನೋಡುತ್ತೇನೆ — ಫೈಲುಗಳ ಹೆಸರಿದ್ದವು, ಒಳಗೆ ಏನೂ ಇರಲಿಲ್ಲ.

ಇಲ್ಲಿಯವರೆಗಿನದನ್ನು ತಪ್ಪು ಅನ್ನಬಹುದೇನೋ. ಮುಂದಿನದಕ್ಕೆ ಆ ಮಾತು ಸಾಲದು. ಅಳಿಸಿದ ಕಾರ್ಡಿನ ಮೇಲೆ ಹೊಸದು ಬೀಳುವವರೆಗೂ ಹಳೆಯದು ಒಳಗೇ ಇರುತ್ತದೆ, ಮತ್ತೆ ಎತ್ತಬಹುದು. ಇದು ನನಗೆ ಗೊತ್ತಿಲ್ಲವೇ? ನೀನಿನ್ನೂ ಬಸ್ಸಿನಲ್ಲಿದ್ದೆ. ‘ಆ ಕಾರ್ಡು ಮುಟ್ಟಬೇಡ’ ಎಂದು ಒಂದು ಫೋನು ಮಾಡಿದ್ದರೆ ಸಾಕಿತ್ತು. ಫೋನು ಕೈಗೆತ್ತಿಕೊಂಡೆ ಕೂಡ. ಏನಾಯ್ತು ಎಂದು ಕೇಳುತ್ತೀಯ, ಆಗ ನನ್ನ ಜಂಬದ ಕತೆಯನ್ನೆಲ್ಲ ಬಿಚ್ಚಬೇಕು, ನೀನು ನಗುತ್ತೀಯ ಅಥವಾ... ಕೆಳಗಿಟ್ಟೆ. ನೀನು ನಾಗಮಂಗಲ ಮುಟ್ಟುವಷ್ಟರಲ್ಲಿ ಗುರುತು ಸಿಗದಂತೆ ನನ್ನ ಡ್ರೈವರನ್ನು ಕಿತ್ತು ಹಳೆಯದನ್ನು ಕೂರಿಸಿದ್ದೆ. ಅಲ್ಲಿ ನೀನು ಬಾಡೂಟದ ಪಂಕ್ತಿಗಳನ್ನು ಹಿಡಿಯುತ್ತ ಹೋದ ಹಾಗೆಲ್ಲ ಧಾರೆ ಅಳಿಯುತ್ತ ಹೋಯಿತು.

ವಾಪಸ್ಸು ಬಂದು, ಖಾಲಿ ಫೈಲುಗಳನ್ನು ನೋಡಿ ನೀನು ಬೆವೆತುಹೋದೆ. ನಾನು ಅಂದೆ:

“ಬಸ್ಸಿನ ಆತ್ರದಲ್ಲಿ ಕಾರ್ಡು ಅಂಗೇ ಕಿತ್ಬುಟ್ಟೆಯಲ್ಲಾ, ಅದ್ಕೇ ಇಂಗಾಗಿರಾದು.”

“ನನ್ ಕೈಯಿಂದ್ಲೇ ಆಯ್ತೇನ್ಲಾ?”

“ಊಂ ಕಣ್ಲಾ.”

ಆಲ್ಬಮ್ಮು ಕೇಳಲು ಸೌಮ್ಯ ಬರುವ ಹೊತ್ತಿಗೆ ಅವಳ ಅಪ್ಪ ತೀರಿಕೊಂಡಿದ್ದರು. ಕಾಯಿಲೆಯ ಮನುಷ್ಯ, ಧಾರೆ ಎರೆಯಲೆಂದೇ ಹಾಸಿಗೆ ಬಿಟ್ಟು ಎದ್ದು ಬಂದಿದ್ದರಂತೆ. ನೆಂಟರ ಫೋನುಗಳಲ್ಲಿ ಬರೀ ಜನರ ಬೆನ್ನು. “ಧಾರೆ ಒತ್ನಲ್ಲಿ ತಲೆ ಬಗ್ಗಿಸ್ಕಂಡಿದ್ದೆ ಅಣ್ಣ, ಅಪ್ಪನ್ ಮೊಕ ನೋಡ್ಲೇ ಇಲ್ಲ. ಅದೊಂದ್ ತೋರ್ಸಿ, ಸಾಕು” ಅಂದಳು. ನೀನು ಅವಳಿಗೆ ಕೈ ಮುಗಿದು, “ತಪ್ಪಾಯ್ತು ಕಣವ್ವ, ಆತ್ರ ಮಾಡ್ಬುಟ್ಟೆ” ಅಂದೆ. ಅವಳು ನಿನ್ನನ್ನು ಬೈಯಲೂ ಇಲ್ಲ, ಅಳುತ್ತಲೇ ಹೋದಳು. ನಾನು ಅಲ್ಲೇ ಕೂತಿದ್ದೆ. ಅನ್ವರ್, ನಿನ್ನ ಪಕ್ಕದಲ್ಲೇ ಕೂತಿದ್ದೆ.

ಸುದ್ದಿ ಊರೂರಿಗೆ ಹಬ್ಬಿತು. ಮದುವೆಗಳಿಗೆ ನಿನ್ನನ್ನು ಕರೆಯುವುದು ನಿಂತಿತು. ಈಗ ನಿನ್ನ ಅಂಗಡಿಯಲ್ಲಿ ಜೆರಾಕ್ಸು, ಪಾಸ್‌ಪೋರ್ಟ್ ಫೋಟೊ, ಅಷ್ಟೇ. ನಾನೇನೋ ನಿನಗೆ ಸಮಾಧಾನ ಹೇಳುವ ದೊಡ್ಡ ಮನುಷ್ಯನಾಗಿ ಉಳಿದೆ. ನಾಚಿಕೆಗೇಡು.

ಮೊನ್ನೆ ನಿನ್ನ ಮಗಳ ನಿಕಾಹ್ ನಿಶ್ಚಯವಾಯಿತೆಂದು ಸಿಹಿ ಕೊಟ್ಟೆಯಲ್ಲ, ಆಗ ನೀನು ಅಂದೆ: “ಫೋಟೊಕ್ಕೆ ಮೈಸೂರಿಂದ ಯಾರ್ನಾರಾ ಕರೆಸ್ತೀನಿ ಕಣ್ಲಾ. ನನ್ ಕೈ ನಂಗೇ ನಂಬ್ಕೆ ಇಲ್ಲ.” ಕೆಲಸ ಹೋದದ್ದು ನನಗೆ ಕಾಣುತ್ತಿತ್ತು. ನಾನು ಹೇಳಿದ ಸುಳ್ಳು — ನಿನ್ನ ಇಷ್ಟು ಒಳಗೆ ಹೋಗಿದೆಯೆಂದು...

ಸೌಮ್ಯಳ ಮನೆಗೂ ಹೋಗಿ ಹೇಳುತ್ತೇನೆ. ನಿನ್ನ ಅಂಗಡಿಗೂ ಬಂದು, ನಾಲ್ಕು ಜನ ಗಿರಾಕಿಗಳಿರುವಾಗಲೇ ಹೇಳುತ್ತೇನೆ. ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ಮೈಸೂರಿನವರಿಗೆ ಬೇಡವೆಂದುಬಿಡು. ಮಗಳ ನಿಕಾಹ್‌ಗೆ ಕ್ಯಾಮೆರಾ ನೀನೇ ಹಿಡಿ. ನನ್ನನ್ನು ಕರೆಯಬೇಡ.