ತೆರೆಯ ಮೇಲೆ ಉಳಿದ ಸಾಲು

ಮೊನ್ನೆ ನಮ್ಮ ಶಾಲೆಯ ಕಂಪ್ಯೂಟರು ಕೆಟ್ಟಿತ್ತು. ಹುಬ್ಬಳ್ಳಿಯ ಕಂಪನಿಯವರೊಬ್ಬರು ಅಲ್ಲಿಂದಲೇ ಅದನ್ನು ಸರಿಮಾಡಿದರು. ನಾನು ಮೌಸ್ ಮುಟ್ಟದಿದ್ದರೂ ಬಾಣದ ಗುರುತು ತೆರೆಯ ತುಂಬ ಓಡಾಡುತ್ತಿತ್ತು. ಪಕ್ಕದ ಟೀಚರು ಬೆರಗಾದರು. ನಾನು ದೊಡ್ಡ ಅನುಭವಸ್ಥಳ ಹಾಗೆ ಸುಮ್ಮನಿದ್ದೆ. ಇದನ್ನು ನಾನು ಬ್ಯಾಡಗಿಯಲ್ಲಿ ಇಪ್ಪತ್ತು ವರ್ಷದ ಹಿಂದೆಯೇ ಕಂಡವಳು, ನೋಡಿ.

ಆಗ ಮದುವೆಯಾಗಿ ವರ್ಷ ತುಂಬಿರಲಿಲ್ಲ. ಮಾವನವರದು ಮೆಣಸಿನಕಾಯಿ ದಲಾಲಿ ಅಂಗಡಿ, ಮನೆಯಲ್ಲೂ ಒದರುವ ದೊಡ್ಡ ದನಿ. ಗಂಡ ರಾಣೆಬೆನ್ನೂರಿನ ಬೀಜದ ಕಂಪನಿಯಲ್ಲಿದ್ದರು. ದಣಿದು ಬಂದವರು ದಿಂಬಿಗೆ ತಲೆ ಕೊಟ್ಟರೆ ನಿದ್ದೆ. ಹಗಲೆಲ್ಲ ಮನೆಯ ಯಾವ ಮೂಲೆಯಲ್ಲಿ ನಿಂತರೂ ಅಲ್ಲೊಬ್ಬರು ಇರುತ್ತಿದ್ದರು. ನನಗೆ ಬಿ.ಎಡ್. ಮಾಡುವ ಆಸೆ. ಅರ್ಜಿಯ ಗಡುವು ಹತ್ತಿರ ಬರುತ್ತಿತ್ತು, ಮಾತು ಮಾತ್ರ ಗಂಟಲು ದಾಟುತ್ತಿರಲಿಲ್ಲ. ಸಾಲದ್ದಕ್ಕೆ ಮೆಣಸಿನಕಾಯಿ ಘಾಟಿಗೆ ಸೀನು ಬೇರೆ. ಬಾಯಿ ತೆರೆದರೆ ಅದೇ ಮೊದಲು ಬರುತ್ತಿತ್ತು.

ಒಂದು ಮಧ್ಯಾಹ್ನ ಗಂಡನ ಫೋನು. ಮನೆಯ ಕಂಪ್ಯೂಟರಿನಲ್ಲಿ ಮಾಡಿಟ್ಟ ವರದಿಯನ್ನು ಒಯ್ಯಲು ಮರೆತಿದ್ದರು.

"ಇಂಟರ್ನೆಟ್ ಹಚ್ಚು. ತೆರಿ ಮ್ಯಾಲ ಒಂದು ನಂಬರ್ ಬರ್ತೈತಿ, ಅದನ್ನ ನನಗ ಹೇಳು. ಉಳದದ್ದು ನಾ ಇಲ್ಲಿಂದನ ಮಾಡ್ತೇನಿ," ಎಂದರು.

ಹೇಳುವುದು ಹೇಗೆ? ಇಂಟರ್ನೆಟ್ಟಿಗೂ ಫೋನಿಗೂ ಇದ್ದದ್ದು ಒಂದೇ ಲೈನು. ಮೋಡೆಮ್ಮಿನ ಕಿರುಚಾಟವೆಲ್ಲ ಮುಗಿದು ಸಂಪರ್ಕ ಸಿಕ್ಕ ಮೇಲೆ ನಂಬರನ್ನು ಅಂಗೈಯಲ್ಲಿ ಬರೆದುಕೊಂಡು ಪಕ್ಕದ ಮನೆಯ ಶಾಂತಕ್ಕನಲ್ಲಿಗೆ ಓಡಿ, ಅವರ ಫೋನಿನಿಂದ ಹೇಳಿ ಬಂದೆ.

ಬಂದು ಕುಳಿತಾಗ ಬಾಣ ತಾನಾಗಿಯೇ ಅಲುಗಿತು. ನಿಂತು ನಿಂತು, ಕುಂಟುತ್ತ ಸಾಗಿತು. ಅಷ್ಟು ದೂರದಲ್ಲಿದ್ದ ಮನುಷ್ಯ ನನ್ನ ಪಕ್ಕದಲ್ಲೇ ಕುಳಿತಂತೆ ಅನಿಸಿ ಸೆರಗು ಸರಿಮಾಡಿಕೊಂಡೆ. ವರದಿ ಹೋದ ಮೇಲೆ ಒಂದು ಖಾಲಿ ಹಾಳೆ ತೆರೆಯಿತು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಮೂಡಿತು: ಊಟ ಆತೇನು?

ಮನೆಯಲ್ಲಿ ಬೇರಾರಿಗೂ ಕೇಳಿಸದ ಮಾತು ಅದು. ನನಗೆ ಎಲ್ಲಿಲ್ಲದ ಧೈರ್ಯ ಬಂತು. ಒಂದೊಂದೇ ಅಕ್ಷರ ಹುಡುಕಿ ಒತ್ತಿದೆ: ನನಗ ಬಿ.ಎಡ್. ಮಾಡೂ ಆಸೆ ಐತಿ. ಮಾವಾರಿಗೆ ಹೇಳಾಕ ಅಂಜಿಕಿ.

ಉತ್ತರ ಬರಲಿಲ್ಲ. ಸಿಟ್ಟಾದರೇನೋ ಎಂದುಕೊಳ್ಳುವಷ್ಟರಲ್ಲಿ ಮಾವನವರು ಒಳಗೆ ಬಂದರು. ಅಂಗಡಿಗೆ ಫೋನು ಮಾಡಲೆಂದು ಪಡಸಾಲೆಯ ರಿಸೀವರ್ ಎತ್ತಿದ್ದರಂತೆ. ಸಂಪರ್ಕ ಕಡಿದದ್ದು ಅದಕ್ಕೇ.

"ಫೋನಿನ್ಯಾಗ ಏನೋ ಕೀ ಕೀ ಅನ್ನಾಕತ್ತೈತಲ್ಲವಾ," ಎಂದವರು ತೆರೆ ನೋಡಿದರು. "ಏನು ಬರದೀದಿ? ಕಣ್ಣಿನ ಚಾಳೀಸ ಅಂಗಡ್ಯಾಗ ಉಳದೈತಿ, ಓದು."

ಸುಳ್ಳು ಹೇಳಬಹುದಿತ್ತು. ಯಾಕೋ ಇದ್ದದ್ದನ್ನೇ ಓದಿದೆ, ಅಂಜಿಕೆಯ ಮಾತನ್ನೂ ಬಿಡದೆ.

ಅವರು ಕುರ್ಚಿ ಎಳೆದು ಕುಳಿತರು.

"ನಾ ಅಷ್ಟು ಒದರ್ತೇನೇನವಾ ಮನ್ಯಾಗ?"

"ಹೂಂ ರಿ," ಎಂದೆ. ಎಂದದ್ದು ನಾನೇ ಎಂದು ನನಗೆ ನಂಬಿಕೆಯಾಗಲಿಲ್ಲ.

"ಹಾವೇರಿ ಕಾಲೇಜಿಗೆ ದಿನಾ ಹೋಗಿ ಬರಾಕ ಆಕ್ಕೈತೇನು?"

"ಬಸ್ಸು ಅದಾವ್ರಿ."

"ಹಂಗಾರ ಹೋಗು. ನಿಮ್ಮತ್ತಿಗೆ ನಾ ಹೇಳ್ತೇನಿ."

ರಾತ್ರಿ ಬಂದ ಗಂಡ, "ಲೈನ್ ಕಟ್ಟಾತು. 'ನನಗ' ಅನ್ನೂದಷ್ಟ ಕಂಡಿತು. ಮುಂದ ಏನು ಬರದಿದ್ದಿ?" ಎಂದು ಕೇಳಿದರು. ಮನೆಯವರೆಲ್ಲ ಅಲ್ಲೇ ಇದ್ದರು. ದನಿ ತಗ್ಗಿಸದೆ ಹೇಳಿದೆ.

ಮೊನ್ನೆ ಸಂಜೆ ಮನೆಗೆ ಬಂದವಳು ಅಡುಗೆಮನೆಗೆ ಹೋಗದೆ ಮಾವನವರ ಪಕ್ಕ ಕುಳಿತೆ. ಅವರ ಕಿವಿ ಮಂದವಾಗಿದೆ. ದಿನವೂ ಎರಡು ಮಾತಾಡಿ ಏಳುತ್ತಿದ್ದವಳು, ಅಂದು ಶಾಲೆಯ ಸುದ್ದಿಯನ್ನೆಲ್ಲ ಕತ್ತಲಾಗುವವರೆಗೆ ಒದರಿ ಒದರಿ ಹೇಳಿದೆ.