ಇಪ್ಪತ್ತೆರಡನೆಯ ಮೆಟ್ಟಿಲು

ಅಯೋವಾದ ನಮ್ಮೂರಿನಲ್ಲಿ ಎರಡೇ ಧರ್ಮ: ಲೂಥರನ್ ಮತ್ತು ಕುಸ್ತಿ. ಆರ್ವಿಡ್ ಹೌಗನ್ ಮೊದಲನೆಯದಕ್ಕೆ ಹುಟ್ಟಿನಿಂದ ಸೇರಿದವರು. ಎರಡನೆಯದರಿಂದ ಬಹಿಷ್ಕಾರ ಹಾಕಿಸಿಕೊಂಡದ್ದು ಈ ಜನವರಿಯಲ್ಲಿ.

ಅವರು ಹೈಸ್ಕೂಲಿನ ಭೌತಶಾಸ್ತ್ರದ ಮೇಷ್ಟ್ರು. ನಾನು ಪಕ್ಕದ ಕೋಣೆಯಲ್ಲಿ ಇತಿಹಾಸ ಹೇಳುವವಳು. ವರ್ಷಕ್ಕೆ ಮೂರು ಸಲ ಅವರು ಮಕ್ಕಳನ್ನು ಹಿಂಬದಿಯ ಮೆಟ್ಟಿಲ ಮೇಲೆ ಓಡಿಸುತ್ತಾರೆ. ಮೂವತ್ತಾರು ಮೆಟ್ಟಿಲು, ಆರು ಮೀಟರ್ ಎತ್ತರ. ಕಿಲೋ ಲೆಕ್ಕದ ತೂಕವನ್ನು 9.8ರಿಂದಲೂ ಎತ್ತರದಿಂದಲೂ ಗುಣಿಸಿದರೆ ಮಾಡಿದ ಕೆಲಸ, ಜೂಲುಗಳಲ್ಲಿ. ಅದನ್ನು ಸೆಕೆಂಡುಗಳಿಂದ ಭಾಗಿಸಿದರೆ ಸಾಮರ್ಥ್ಯ, ವಾಟ್‌ಗಳಲ್ಲಿ.

"ಸಾವಿರ ವಾಟ್! ಲೋ ಕರ್ಟ್, ನೀನು ಟೋಸ್ಟರ್ ಕಣೋ!" ಎಂದು ಹತ್ತೊಂಬತ್ತು ವರ್ಷದ ಹಿಂದೆ, ಸೆಪ್ಟೆಂಬರಿನಲ್ಲಿ, ಒಬ್ಬ ಹುಡುಗನಿಗೆ ಹೇಳಿದ್ದರು. ಕರ್ಟ್ ಸ್ವೆನ್ಸ್‌ರುಡ್, ಕುಸ್ತಿಪಟು, ಅರವತ್ತೆಂಟು ಕಿಲೋ, ನಾಲ್ಕು ಸೆಕೆಂಡು.

ಅದರ ಮುಂದಿನ ಜನವರಿಯಲ್ಲಿ ಅವನೇ ಇಪ್ಪತ್ತೆರಡನೆಯ ಮೆಟ್ಟಿಲಲ್ಲಿ ನಿಂತು, ಕಂಬಿ ಹಿಡಿದು, ನಕ್ಕು, ಆಮೇಲೆ ಹತ್ತಿದ. ಐದು ಮುಕ್ಕಾಲು ಸೆಕೆಂಡು ದಾಟಿತ್ತು. ಪ್ರಯೋಗದ ಪುಸ್ತಕದಲ್ಲಿ ತನ್ನ ತೂಕ ಐವತ್ತೊಂಬತ್ತು ಎಂದು ಬರೆದ. ಹೌಗನ್ ಸೆಪ್ಟೆಂಬರಿನ ಪುಟ ನೋಡಿದರು, ಹುಡುಗ ತಪ್ಪು ಬರೆದಿದ್ದಾನೆಂದುಕೊಂಡರು, ಕೆಂಪು ಶಾಯಿಯಲ್ಲಿ ಐವತ್ತೊಂಬತ್ತನ್ನು ಹೊಡೆದುಹಾಕಿ ಅರವತ್ತೆಂಟು ಮಾಡಿದರು. ಕಾಗದದ ಮೇಲೆ ಹುಡುಗನಿಗೆ ತೊಂಬತ್ತು ವಾಟ್ ಹೆಚ್ಚೇ ಬಂತು.

ಕೆಳಗಿನ ತೂಕದ ವರ್ಗಕ್ಕೆ ಇಳಿಯಬೇಕೆಂದು ಕರ್ಟ್ ಅನ್ನ ನೀರು ಬಿಟ್ಟಿದ್ದ. ಮನೆಯಲ್ಲಿ, ಪಾದ್ರಿಯ ಬಳಿ, ಎಲ್ಲೆಲ್ಲೂ ಸುಳ್ಳು ಹೇಳಿದ್ದವನು ನಿಜ ಬರೆದದ್ದು ಆ ಪುಟದಲ್ಲೊಂದೇ. ಎರಡು ದಿನದ ಮೇಲೆ, ಬೆವರಿಳಿಸಲು ರಬ್ಬರ್ ಅಂಗಿ ತೊಟ್ಟು ಬಾಯ್ಲರ್ ಕೋಣೆಯಲ್ಲಿ ಓಡುತ್ತಾ ಬಿದ್ದ. ಏಳಲಿಲ್ಲ.

ಅಂದಿನಿಂದ ಹೌಗನ್ ಇಪ್ಪತ್ತೆರಡನೆಯ ಮೆಟ್ಟಿಲನ್ನು ತುಳಿಯುವುದಿಲ್ಲ. ಮಂಡಿನೋವಿನ ಈ ವಯಸ್ಸಿನಲ್ಲೂ ದಾಟಿಯೇ ಹೋಗುತ್ತಾರೆ. ಶಾಲೆ ಬಿಟ್ಟ ಮೇಲೆ ಅಲ್ಲಿಯವರೆಗೆ ಹತ್ತಿ ನಿಲ್ಲುವ ಹೆಜ್ಜೆಗಳು ಕೇಳಿಸುತ್ತವಂತೆ. "ಇಲಿ ಇರಬೇಕು," ಎಂದೆ ಒಮ್ಮೆ. "ಇಲಿ ಅರವತ್ತೆಂಟು ಕಿಲೋ ಇರಲ್ಲ ಮೋನಿಕಾ," ಎಂದರು. ಆಮೇಲೆ ಸೇರಿಸಿದರು, "ಐವತ್ತೊಂಬತ್ತೂ ಇರಲ್ಲ."

ಈ ಜನವರಿಯಲ್ಲಿ ಟೆಸ್ಸಾ ಕ್ರೋಗ್‌ಸ್ಟಾಡ್ ಪುಸ್ತಕ ಒಪ್ಪಿಸಿದಳು. ಹುಡುಗಿಯರ ಕುಸ್ತಿ ತಂಡದ ಕಣ್ಮಣಿ. ಸೆಪ್ಟೆಂಬರಿನಲ್ಲಿ ಅರವತ್ತು ಕಿಲೋ. ಈಗ ಐವತ್ತೆರಡು ಎಂದು ಬರೆದಿದ್ದಳು. ಕೆಂಪು ಪೆನ್ನಿನ ಮುಚ್ಚಳ ತೆಗೆದಿದ್ದ ಹೌಗನ್ ಹಾಗೇ ಕೂತುಬಿಟ್ಟರು.

"ತಪ್ಪಾಗಿದೆಯಾ ಸಾರ್?"

"ಇಲ್ಲಮ್ಮ. ಸರಿಯಾಗಿದೆ. ಅದೇ ಭಯ. ಮಧ್ಯಾಹ್ನ ಏನು ತಿಂದೆ?"

"ಕ್ಯಾಂಟೀನಿನ ಚಿಲಿ ಸೂಪು, ದಾಲ್ಚಿನ್ನಿ ರೋಲು."

"ತಿಂದೆಯೋ, ನೋಡಿದೆಯೋ?"

ಟೆಸ್ಸಾ ಪುಸ್ತಕ ಮುಚ್ಚಿದಳು.

ಅವಳ ತಾಯಿಗೆ ಫೋನ್ ಹೋಯಿತು. ಶನಿವಾರದ ಜಿಲ್ಲಾ ಪಂದ್ಯದಿಂದ ವೈದ್ಯರು ಅವಳನ್ನು ಬಿಡಿಸಿದರು. ಕೋಚ್ ಡ್ವೈಟ್ ಬೀಲರ್ ನನ್ನ ತರಗತಿಗೂ ಕೇಳುವಂತೆ ಕೂಗಾಡಿದ:

"ನೀನು ನಿನ್ನ ಜೂಲು ಗೀಲು ನೋಡ್ಕೊಳಯ್ಯಾ! ಎಂಟು ಕಿಲೋಗೆ ಟ್ರೋಫಿ ಹೋಯ್ತು!"

ಹೌಗನ್ ಡ್ರಾಯರಿನಿಂದ ಹತ್ತೊಂಬತ್ತು ವರ್ಷದ ಹಿಂದಿನ, ಕರ್ಟ್ ಬರೆದ ಪುಟ ತೆಗೆದು ಮೇಜಿನ ಮೇಲಿಟ್ಟರು. "ಈ ಕೆಂಪು ಶಾಯಿ ನಂದು ಡ್ವೈಟ್. ಇನ್ನೊಂದು ಸಲ ಬರೆಯಲ್ಲ."

ಬೀಲರ್ ಓದಿದ, ಬಾಗಿಲು ಬಡಿಯದೆ ಹೋದ. ಕೆಫೆಯಲ್ಲಿ ಮಾತ್ರ ಇಂದಿಗೂ ಹೌಗನ್ ಪಕ್ಕದ ಕುರ್ಚಿ ಖಾಲಿ. ತೂಕದ ಮನುಷ್ಯನ ಪಕ್ಕ ಕೂರಲು ಧೈರ್ಯ ಬೇಕು. ನಾನು ಆಗಾಗ ಕೂರುತ್ತೇನೆ.

ಏಪ್ರಿಲಿನಲ್ಲಿ ಟೆಸ್ಸಾ ಮತ್ತೆ ಓಡಿದಳು, ಐವತ್ತೊಂಬತ್ತು ಕಿಲೋ. ನಾನು ಮೇಲೆ, ಹೌಗನ್ ಪಕ್ಕದಲ್ಲಿ ನಿಂತಿದ್ದೆ. ಅವಳು ಎಲ್ಲಿಯೂ ನಿಲ್ಲದೆ ಹತ್ತಿ ಬಂದಳು. "ಟೋಸ್ಟರಾ ಸಾರ್?" ಎಂದು ಏದುಸಿರಲ್ಲೇ ಕೇಳಿದಳು. "ಇನ್ನೇನು, ಹತ್ತಿರ," ಎಂದರು.

ಅವರ ಕೈಯ ಸ್ಟಾಪ್‌ವಾಚಿನಲ್ಲಿ ಎರಡು ಸಮಯ ದಾಖಲಾಗಿದ್ದವು. ಒಂದು ಟೆಸ್ಸಾಳದು. ಇನ್ನೊಂದು, ಅವಳು ಇಪ್ಪತ್ತೆರಡನೆಯ ಮೆಟ್ಟಿಲು ದಾಟಿದಾಗ ಹೌಗನ್ ಬೆರಳು ಒತ್ತಿದ್ದು, ನಾನೇ ಕಂಡಿದ್ದೆ. ಅವರು ಕೆಳಗೆ ಆ ಮೆಟ್ಟಿಲನ್ನೇ ನೋಡುತ್ತಿದ್ದರು, ಅಲ್ಲಿ ನಿಂತ ಇನ್ನೊಬ್ಬ ಹತ್ತಿ ಬರಲೆಂದು ಕಾಯುವವರಂತೆ.