ಹಳದಿ ಮೂಲೆಯ ಲಕೋಟೆ

ಅಪ್ಪ ಜಗಳೂರಿನ ಆಸ್ಪತ್ರೆಯಲ್ಲಿ ಡಾಕ್ಟರು. ಅಮ್ಮ, ಅಜ್ಜಿ, ಮದುವೆ ವಯಸ್ಸಿಗೆ ಬಂದಿದ್ದ ಅಪ್ಪನ ತಂಗಿ ಮತ್ತು ನಾನು ಚನ್ನಗಿರಿಯಲ್ಲಿ. ಗಂಡನಾದವನು ಹೆಂಡತಿಗೆ ನೇರವಾಗಿ ಕಾಗದ ಬರೆಯುವುದು ನಮ್ಮ ಮನೆಯಲ್ಲಿ ಲಜ್ಜೆಗೆಟ್ಟ ಕೆಲಸ. ಆದ್ದರಿಂದ ಅಪ್ಪ ಮಾತೃಶ್ರೀಯವರ ಪಾದಾರವಿಂದಗಳಿಗೆ ಬರೆಯುತ್ತಿದ್ದರು. ಮಾತೃಶ್ರೀಯವರಿಗೆ ಓದು ಬಾರದು, ಓದುತ್ತಿದ್ದವಳು ಅಮ್ಮ. 'ಮಗುವಿನ ತಾಯಿಗೆ ಕೆಮ್ಮು ಹೇಗಿದೆ, ಬಿಸಿನೀರು ಕುಡಿಯುತ್ತಾಳೋ ಇಲ್ಲವೋ ವಿಚಾರಿಸುವುದು' ಎಂಬ ಸಾಲನ್ನು ಮಗುವಿನ ತಾಯಿಯೇ ಗಂಭೀರವಾಗಿ ಓದುವಳು. ಅಜ್ಜಿ ಅಷ್ಟೇ ಗಂಭೀರವಾಗಿ ವಿಚಾರಿಸುವಳು. ಮಗುವಿನ ತಾಯಿ ಹೇಳಿಕೆ ಕೊಟ್ಟು, ಅದನ್ನು ತಾನೇ ಬರೆದುಕೊಳ್ಳುವಳು. ಹೈಕೋರ್ಟಿನಲ್ಲೂ ವಿಚಾರಣೆ ಇಷ್ಟು ಕ್ರಮವಾಗಿ ನಡೆಯುತ್ತಿರಲಿಕ್ಕಿಲ್ಲ.

ತಂತಿ ಮಾತ್ರ ನಿಷಿದ್ಧ. ತಂತಿಯವನು ಬೀದಿಯಲ್ಲಿ ಕಂಡರೇ ಸಾವಿನ ಸುದ್ದಿ ಬಂತೆಂದು ಅಜ್ಜಿ ಅಳಲು ಶುರುಮಾಡುವಳು; ಆದ್ದರಿಂದ ಏನಿದ್ದರೂ ಕಾಗದದಲ್ಲೇ ಎಂದು ಅಪ್ಪನ ಅಪ್ಪಣೆಯಾಗಿತ್ತು.

ಯುದ್ಧದ ಕಾಲ, ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದವು. ಅಪ್ಪ ತಂಗಿಗೆ ಜಗಳೂರಿನಲ್ಲೊಂದು ಗಂಡು ನೋಡಿ, ಜಾತಕ ಕೂಡಿದರೆ ಬರೆಯುತ್ತೇನೆ ಎಂದಿದ್ದರು. ಒಂದು ಮಂಗಳವಾರ ಲಕೋಟೆ ಬಂತು, ಮೂಲೆಯಲ್ಲಿ ಹಳದಿ. ಮೂಲೆಗೆ ಅರಿಶಿನ ಹಚ್ಚಿದ್ದಾರೆಂದರೆ ಶುಭಕಾರ್ಯದ ಕಾಗದ. ಅದನ್ನು ಮಂಗಳವಾರ ಒಡೆಯುವಂತಿಲ್ಲ. ದೇವರ ಮುಂದಿಟ್ಟು, ಶುಕ್ರವಾರ ದೀಪ ಹಚ್ಚಿ ಒಡೆಯುವುದೆಂದು ಅಜ್ಜಿ ತೀರ್ಪು ಕೊಟ್ಟಳು.

"ವಿಳಾಸದ ಅಕ್ಷರ ಯಾಕೋ ವಾಲ್ಯಾವೆ, ಅತ್ತೆ," ಅಂದಳು ಅಮ್ಮ.

"ತಂಗಿ ಮದ್ವೆ ಅಂದ್ರೆ ಕೈ ನೆಟ್ಟಗೆ ನಿಲ್ತತೇನೆ? ಸುಮ್ನಿರು."

ದೇವರ ಜೊತೆಗೆ ಲಕೋಟೆಗೂ ದಿನಾ ಹೂವು ಏರಿತು. ಅಮ್ಮ ದೇವರ ಮನೆಯನ್ನು ಬೇಕಾದ್ದಕ್ಕಿಂತ ಹೆಚ್ಚು ಸಲ ಗುಡಿಸಿದಳು.

ಒಡೆದಾಗ ಇದ್ದದ್ದು ಕೆಲವೇ ಸಾಲು. ಹತ್ತಿರದ ಸೊಕ್ಕೆ ಎಂಬ ಹಳ್ಳಿಗೆ ರೋಗಿಗಳನ್ನು ನೋಡಲು ಹೋಗಿ ಬಂದ ಮೇಲೆ ಹಿಡಿದ ಜ್ವರ ಬಿಟ್ಟಿಲ್ಲ, ವಿಷಮಶೀತ ಜ್ವರವಿರಬಹುದು, ಗಾಬರಿ ಬೇಡ. ಕೊನೆಯಲ್ಲಿ, ಮದುವೆಯಾದ ಮೇಲೆ ಮೊದಲ ಸಲ, ಮಾತೃಶ್ರೀಯವರನ್ನು ದಾಟಿ: 'ನೀನು ಬಾ.' ಅಮ್ಮ ಅದೊಂದನ್ನು ಗಟ್ಟಿಯಾಗಿ ಓದಲಿಲ್ಲ. ನಾನು ಓದಿದ್ದು ದೊಡ್ಡವನಾದ ಮೇಲೆ.

ಅಂದೇ ಅಮ್ಮ ನನ್ನನ್ನು ಕಟ್ಟಿಕೊಂಡು ಹೊರಟಳು. ದಾವಣಗೆರೆ ದಾಟಿದ ಮೇಲೆ ಬಸ್ಸು ಕೆಟ್ಟು, ಜಗಳೂರು ಸೇರಿದ್ದು ಮರುದಿನ ಮಧ್ಯಾಹ್ನ. ಆಸ್ಪತ್ರೆಯ ಕಟ್ಟೆಯಿಂದ ಕಾಂಪೌಂಡರ್ ಸಾಹೇಬರು ಇಳಿದು ಬಂದು ಕೈಮುಗಿದರು. ಮುಗಿದ ಬೆರಳುಗಳೆಲ್ಲ ಹಳದಿ, ಗಾಯಕ್ಕೆ ಹಚ್ಚುವ ಔಷಧಿಯ ಹಳದಿ. ಅಪ್ಪನ ಲಕೋಟೆಯನ್ನು ಅಂಚೆಗೆ ಹಾಕಿದ ಕೈ ಅದು. ಅಮ್ಮ ಆ ಬೆರಳುಗಳನ್ನೇ ನೋಡುತ್ತ ನಿಂತಳು.

"ನಿನ್ನೆ ಸಂಜೆ ತನಕ ಬಸ್ಸಿನ ಸದ್ದು ಕೇಳಿದ್ರೆ ಸಾಕು, 'ಬಂದ್ರೇನು ನೋಡ್ರಿ' ಅಂತಿದ್ರು ಡಾಕ್ಟ್ರು, ತಾಯಿ," ಅಂದರು ಸಾಹೇಬರು. "ಬೆಳಗಿನ ಜಾವ ಹೋಗಿಬಿಟ್ರು."

ಎಲ್ಲ ಮುಗಿಸಿ ಚನ್ನಗಿರಿಗೆ ಮರಳಿದಾಗ ಅಜ್ಜಿ ದೇವರ ಮನೆಯ ಹೊಸ್ತಿಲಲ್ಲಿ ಕೂತಿದ್ದಳು. ಅಮ್ಮನನ್ನು ಕೇಳಿದಳು.

"ಬಂದ ದಿನಾನೇ ಒಡೆದಿದ್ರೆ ಸಿಗ್ತಿದ್ನೇನೆ?"

"ಇಲ್ಲ ಅತ್ತೆ. ಕಾಗದ ಇಲ್ಲಿಗೆ ಬರಾಕೆ ಮುಂಚೇನೆ ಜ್ಞಾನ ತಪ್ಪಿತ್ತಂತೆ."

ಅಜ್ಜಿ ಸಾಯುವವರೆಗೂ ಅದನ್ನೇ ನಂಬಿದಳು. ಅಮ್ಮ ನನ್ನತ್ತ ಒಮ್ಮೆ ನೋಡಿದಳು. ಅಷ್ಟರಲ್ಲಿ ಕೆಮ್ಮು ಬಂತು. ಅದು ನಿಂತ ಮೇಲೆ ಎದ್ದು, ಅಜ್ಜಿಗೂ ತನಗೂ ಬಿಸಿನೀರು ಕಾಯಿಸಲು ಒಳಗೆ ಹೋದಳು.